ಕೈದಾಳದ ಕೈಯೂ ಕಲ್ಲಿನ ಶಾಸ್ತ್ರವೂ

ಜಕಣಾಚಾರಿಯು ಬೇಲೂರಿನಲ್ಲಿ ತನ್ನ ಕೈಯನ್ನು ತಾನೇ ಕಡಿದುಕೊಂಡು, ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನನ್ನು ಕಡೆದು ಅದನ್ನು ಮರಳಿ ಪಡೆದನೆಂಬ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಶಾಸನವು ಹೇಳುವುದು ಬೇರೆ: ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1150ರ ಸುಮಾರಿಗೆ, ಸಾಮಂತ ಬಾಚಿಯು ಈ ಗುಡಿಯನ್ನು ಕಟ್ಟಿಸಿದನು. ಆದರೂ ಕಥೆಯನ್ನು ನಾವು ತಳ್ಳಿಹಾಕಲಾರೆವು. ಅದರಲ್ಲಿ ಒಂದು ಶಾಸ್ತ್ರವು ಅಡಗಿರುವುದು.

ಬಾಲಕ ಡಂಕಣನು ಬೇಲೂರಿನ ವಿಗ್ರಹಕ್ಕೆ ಗಂಧವನ್ನು ಲೇಪಿಸಿದನಂತೆ. ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಒದ್ದೆಯುಳಿಯಿತು. ಅಲ್ಲಿ ಒಡೆಯಲು ನೀರೂ ಕಪ್ಪೆಯೂ ಹೊರಬಂದುವು. ಕಪ್ಪೆಯನ್ನು ನಂಬುವುದೂ ಬಿಡುವುದೂ ಓದುಗರ ಇಚ್ಛೆ. ಒಣಗದ ಲೇಪವು ಒಳಗಿನ ತೇವವನ್ನು ಸಾರುವುದೆಂಬ ವಿವೇಕವು ಮಾತ್ರ ಕಟ್ಟುಕಥೆಯಲ್ಲ.

ನಮ್ಮ ಶಿಲ್ಪಿಗಳ ಕೆಲಸವೆಲ್ಲವೂ ಇಂತಹ ವಿವೇಕದ ಫಲವೇ. ಹೊಯ್ಸಳರ ಕಾಲದವರು ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೊಡ್ಡಿದಂತೆ ಗಟ್ಟಿಯಾಗುವುದು. ಆದುದರಿಂದಲೇ ಕೂದಲೆಳೆಯಂತಹ ಕೆತ್ತನೆಯು ಸಾಧ್ಯವಾಯಿತು. ಕಂಬಗಳನ್ನು ತಿರುಗಿಸಿ ಕಡೆದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಬೆಸೆದರು. ದಾಸೋಜ, ಮಲ್ಲಿತಮ್ಮ ಮೊದಲಾದವರು ತಮ್ಮ ಕೃತಿಗಳ ಮೇಲೆ ಹೆಸರನ್ನು ಕೆತ್ತಿದುದು ಬರಿಯ ಭಕ್ತಿಯಿಂದಲ್ಲ, ವಿದ್ಯೆಯ ಅಭಿಮಾನದಿಂದ.

ಆ ವಿದ್ಯೆಯ ಮಕ್ಕಳಾದ ನಾವು ಮಾಡುತ್ತಿರುವುದೇನು? ಜೀರ್ಣೋದ್ಧಾರವೆಂಬ ಪುಣ್ಯನಾಮದಿಂದ ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತುವೆವು, ವಿಗ್ರಹಗಳಿಗೆ ಎಣ್ಣೆಬಣ್ಣವನ್ನು ಬಳಿಯುವೆವು, ಮರಳನ್ನು ಸಿಡಿಸಿ ಶಿಲೆಯನ್ನು ತೊಳೆಯುವೆವು. ಸುಣ್ಣದ ಗಾರೆಯು ತೇವವನ್ನು ಹೊರಕ್ಕೆ ಬಿಡುವುದು. ಸಿಮೆಂಟು ಅದನ್ನು ಒಳಗೇ ಬಂಧಿಸುವುದು. ಬಂಧಿತವಾದ ನೀರು ಕಲ್ಲಿನ ಕಡೆಗೆ ಹರಿದು, ಅದರೊಡನೆ ಬಂದ ಉಪ್ಪು ಹರಳುಗಟ್ಟಿ, ಶಿಲೆಯ ಮೈ ಪದರ ಪದರವಾಗಿ ಉದುರುವುದು. ಎಂಟುನೂರು ವರ್ಷಗಳ ಮಳೆಯು ಮಾಡಲಾರದುದನ್ನು ಭಕ್ತರ ಔದಾರ್ಯವು ಕೆಲವೇ ವರ್ಷಗಳಲ್ಲಿ ಮಾಡಿಬಿಡುವುದು!

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲವೂ ಹಿಗ್ಗಿತು. ಪರರು ಮೆಚ್ಚಿದ ಬಳಿಕ ಹಿಗ್ಗುವುದು ಸುಲಭ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಸದಿಯನ್ನೂ ಕುಣಿಗಲು ಸೀಮೆಯ ಹಳೆಯ ಗುಡಿಗಳನ್ನೂ ಪಟ್ಟಿಯ ಹಂಗಿಲ್ಲದೆ ಕಾಯುವುದೇ ನಿಜವಾದ ದೇಶಾಭಿಮಾನ.

ದೇವಸ್ಥಾನ ಸಮಿತಿಗಳ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ: ಒಂದು ಚೀಲ ಸಿಮೆಂಟನ್ನು ತರುವ ಮುನ್ನ ಪುರಾತತ್ತ್ವ ಇಲಾಖೆಯವರನ್ನೂ ಸುಣ್ಣದ ಕೆಲಸವನ್ನು ಬಲ್ಲ ಮುದುಕನೊಬ್ಬನನ್ನೂ ಕೇಳಿರಿ. ಜಕಣಾಚಾರಿಗೆ ಹೋದ ಕೈ ಮರಳಿ ಬಂದಿತು. ಕಲ್ಲಿನಿಂದ ಉದುರಿಹೋದ ಕೈ ಮರಳಿ ಬಾರದು.