ಬೇರೊಂದು ಬಾಗಿಲಲ್ಲಿ ಕೇಳಿ ನೋಡಿದಾಗ

ಕಳೆದ ವರ್ಷ ನಮ್ಮ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ಸವಾಯಿ ಗಂಧರ್ವರನ್ನು ಕುರಿತು ಒಂದು ಚಿಕ್ಕ ಪ್ರಬಂಧ ಬರೆದು ತರಲು ಹೇಳಿದ್ದೆ. ಕುಂದಗೋಳದಲ್ಲಿ ಕುಳಿತು ಬರೆಯುವವರಿಗೆ ಇದಕ್ಕಿಂತ ಸುಲಭವಾದ ವಿಷಯ ಇರಲಾರದೆಂದು ನನ್ನ ಎಣಿಕೆ. ರಾಮಭಾವು ಕುಂದಗೋಳಕರ ಎಂದು ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ನಾಡೆಲ್ಲ ತಿರುಗಿದ ಗಾಯಕರು ಅವರು. ಅವರ ನೆನಪಿನ ಸಂಗೀತೋತ್ಸವ ನಾಡಗೀರರ ವಾಡೆಯಲ್ಲಿ ನಡೆಯುತ್ತ ಬಂದಿದೆ. ರಾತ್ರಿಯಿಡೀ ಕುಳಿತು ಹಾಡು ಕೇಳಿದ ಹಿರಿಯರು ಊರಿನಲ್ಲಿ ಎಷ್ಟೋ ಜನ ಸಿಗುತ್ತಾರೆ. ಒಂದು ವಾರದ ಮೇಲೆ ನೋಟುಬುಕ್ಕುಗಳು ಬಂದವು. ಮೊದಲನೆಯದರಲ್ಲಿದ್ದ ಪರಿಚ್ಛೇದವೇ ಐದನೆಯದರಲ್ಲಿತ್ತು, ಐದನೆಯದರಲ್ಲಿದ್ದುದೇ ಹದಿನೆಂಟನೆಯದರಲ್ಲಿ. ಕೈಬರಹ ಬೇರೆ, ಶಾಯಿ ಬೇರೆ. ವಾಕ್ಯಗಳು ಮಾತ್ರ ಅವೇ, ತಪ್ಪುಗಳೂ ಅವೇ. ಪ್ರಬಂಧದ ಅರ್ಧಕ್ಕಿಂತ ಹೆಚ್ಚು ಭಾಗ ೧೯೫೩ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವದ ವರ್ಣನೆಯಿಂದ ತುಂಬಿತ್ತು. ಕುಂದಗೋಳದ ಹೆಸರು ಬಂದುದು ಒಂದೇ ಒಂದು ಸಲ.

"ಎಲ್ಲರೂ ಒಂದೇ ಕಡೆ ನೋಡಿ ಬರೆದಿರೇನು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನೆಟ್ಟಿನ್ಯಾಗ ನೋಡಿದಿವ್ರಿ ಸರ್. ಮೊದಲಿಗೆ ಬಂದದ್ದ ಬರದಿವಿ. ಮೊದಲಿಗೆ ಬಂದದ್ದು ಖರೇನ ಇರತೈತಲ್ಲರಿ?" ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಗದರಿಸಬೇಕೆಂದಿದ್ದ ನಾನು ಸುಮ್ಮನಾದೆ. ಅಂದು ಮುಂಜಾನೆ ಪಾಠಕ್ಕೆ ಬೇಕಾದ ಒಂದು ಇಸವಿಯನ್ನು ನಾನೂ ಹಾಗೆಯೇ ತೆಗೆದುಕೊಂಡು ಬಂದಿದ್ದೆ. ಕಪಾಟಿನಲ್ಲಿ 'ಕವಿಚರಿತೆ'ಯ ಸಂಪುಟಗಳು ಇದ್ದುವು. ಕೈ ಹೋದುದು ಮೊಬೈಲಿಗೆ.

ಆ ಸಂಜೆ ನಾನೊಂದು ನಿಯಮ ಮಾಡಿಕೊಂಡೆ. ಇಷ್ಟು ವರ್ಷ ಬಳಸುತ್ತ ಬಂದ ಶೋಧಯಂತ್ರವನ್ನು — ಸರ್ಚ್ ಎಂಜಿನ್ ಎಂದರೆ ಹಲವರಿಗೆ ಬೇಗ ತಿಳಿದೀತು — ಒಂದು ತಿಂಗಳ ಮಟ್ಟಿಗೆ ಬಿಟ್ಟು, ನಿತ್ಯದ ಕೆಲಸಕ್ಕೆಲ್ಲ ಬೇರೊಂದನ್ನು ಬಳಸಿ ನೋಡುವುದು. ಬಿಟ್ಟದ್ದು ಯಾವುದು, ಹಿಡಿದದ್ದು ಯಾವುದು ಎಂಬುದನ್ನು ಹೇಳುವುದಿಲ್ಲ. ಅಂಗಡಿಗಳ ಪೈಪೋಟಿಯಲ್ಲಿ ಒಬ್ಬರ ಪರವಾಗಿ ಡಂಗುರ ಸಾರುವುದು ನನ್ನ ಉದ್ದೇಶವಲ್ಲ.

ಮೊದಲು ಬೆರಗಾದುದು ಒಂದು ಸಣ್ಣ ಸಂಗತಿಗೆ. ಹಳೆಯ ಯಂತ್ರವನ್ನು ನಾನು ಎಂದೂ ಆರಿಸಿಕೊಂಡಿರಲೇ ಇಲ್ಲ. ಮೊಬೈಲು ಮನೆಗೆ ಬಂದಾಗ ಅದು ಆಗಲೇ ಒಳಗೆ ಕುಳಿತಿತ್ತು. ಹೀಗೆ ಮೊದಲೇ ಕುಳಿತಿರುವುದಕ್ಕೆ ಎಂಥ ಬೆಲೆಯಿದೆ ಎಂಬುದು ಅಮೇರಿಕೆಯ ನ್ಯಾಯಾಲಯವೊಂದರಲ್ಲಿ ಹೊರಬಿದ್ದಿದೆ. ಆಪಲ್ ಕಂಪನಿಯ ಉಪಕರಣಗಳಲ್ಲಿ ತನ್ನ ಯಂತ್ರವೇ ಮೊದಲಿಗಿರಬೇಕೆಂದು ಗೂಗಲ್ ಕಂಪನಿ ೨೦೨೨ರ ಒಂದೇ ವರ್ಷದಲ್ಲಿ ೨,೦೦೦ ಕೋಟಿ ಡಾಲರು ತೆತ್ತಿತ್ತು. ೨೦೨೪ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಆ ಕಂಪನಿ ಶೋಧಕ್ಷೇತ್ರದಲ್ಲಿ ಕಾನೂನಿಗೆ ವಿರುದ್ಧವಾಗಿ ಏಕಸ್ವಾಮ್ಯವನ್ನು ಕಾಯ್ದುಕೊಂಡಿದೆಯೆಂದು ತೀರ್ಪಿತ್ತರು. ನಮ್ಮ ದೇಶದ ಸ್ಪರ್ಧಾ ಆಯೋಗವೂ ಆಂಡ್ರಾಯ್ಡ್ ಫೋನುಗಳ ಕರಾರುಗಳ ವಿಷಯದಲ್ಲಿ ೨೦೨೨ರ ಅಕ್ಟೋಬರಿನಲ್ಲಿ ಅದಕ್ಕೆ ೧,೩೩೭ ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತ್ತು. ಜನ ಬದಲಿಸುವ ಗೋಜಿಗೆ ಹೋಗುವುದಿಲ್ಲವೆಂಬ ಒಂದು ನಂಬಿಕೆಯ ಮೇಲೆ ಇಷ್ಟು ಹಣ ಸುರಿಯುತ್ತಾರೆಂದ ಮೇಲೆ, ನಮ್ಮ ಆಲಸ್ಯವನ್ನು ಇನ್ನು ಮುಂದೆ ಕಡಿಮೆ ಬೆಲೆಯದೆಂದು ಯಾರೂ ಹೀಗಳೆಯಬಾರದು!

ಮೊದಲಿನ ವಾರ ಕಷ್ಟವೇ ಆಯಿತು. ಹಳೆಯದು ಓಣಿಯ ಕಿರಾಣಿ ಅಂಗಡಿಯವನಂತೆ. ಮುಖ ನೋಡಿದೊಡನೆ ಬೇಕಾದ ಚಹಾಪುಡಿಯನ್ನೇ ಕಟ್ಟಿಕೊಡುತ್ತಿತ್ತು. 'ಬಸ್ಸಿನ ವೇಳೆ' ಎಂದರೆ ಹುಬ್ಬಳ್ಳಿಯ ಬಸ್ಸೆಂದೇ ಅದಕ್ಕೆ ಗೊತ್ತು. ಹೊಸದಕ್ಕೆ ನನ್ನ ಗುರುತಿಲ್ಲ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಪೂರ್ಣವಾಗಿ ಹೇಳಬೇಕು. ಎರಡನೆಯ ವಾರದಲ್ಲಿ ಈ ತೊಂದರೆಯೇ ಒಂದು ಶಿಕ್ಷಣವಾಗಿ ಪರಿಣಮಿಸಿತೆಂದರೆ ಅತಿಶಯೋಕ್ತಿಯಲ್ಲ. ನನಗೆ ಬೇಕಾದುದು ಏನೆಂಬುದನ್ನು ನಾನೇ ಮೊದಲು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕಾಯಿತು. ಗುರುತು ಹಿಡಿಯುವ ಅಂಗಡಿಯವನು ನಮ್ಮ ಲೆಕ್ಕದ ವಹಿಯನ್ನೂ ಇಟ್ಟಿರುತ್ತಾನಷ್ಟೆ. ಯಾರು ಏನು ಕೇಳಿದರೆಂಬ ದಾಖಲೆಯನ್ನೇ ಇಡುವುದಿಲ್ಲವೆಂದು ಸಾರುವ ಯಂತ್ರಗಳೂ ಇವೆ. ೨೦೦೮ರಲ್ಲಿ ಆರಂಭವಾದ ಡಕ್‌ಡಕ್‌ಗೋ ಅಂಥದು. ಕೇಳಿದವನನ್ನು ನೋಡಿ ಜಾಹೀರಾತು ತೋರಿಸದೆ, ಕೇಳಿದ ಮಾತನ್ನು ನೋಡಿ ತೋರಿಸುವುದು ಅದರ ಪದ್ಧತಿ.

ಆದರೆ ಹೊಸದೆಂದು ನಾವು ನಂಬುವುದರಲ್ಲಿ ಎಷ್ಟು ಪಾಲು ಹೊಸದು? ಪೇಟೆಯ ಒಂದೇ ಬೀದಿಯಲ್ಲಿ ಎರಡು ಖಾನಾವಳಿಗಳಿರುತ್ತವೆ. ಫಲಕ ಬೇರೆ, ಗಲ್ಲೆಯ ಮೇಲೆ ಕುಳಿತವರು ಬೇರೆ. ಹಿತ್ತಲಿಗೆ ಹೋಗಿ ನೋಡಿದರೆ ರೊಟ್ಟಿ ಬಡಿಯುವ ಒಲೆ ಒಂದೇ. ಶೋಧಯಂತ್ರಗಳ ಲೋಕವೂ ಹೀಗೆಯೇ ಇದೆ. ಜಾಲದ ಪುಟಗಳನ್ನೆಲ್ಲ ಸುತ್ತಿ ನೋಡಿ ಪದಸೂಚಿಯನ್ನು ಸಿದ್ಧಪಡಿಸುವುದು ಬಹಳ ಖರ್ಚಿನ ಕೆಲಸ. ಆದುದರಿಂದ ಡಕ್‌ಡಕ್‌ಗೋ ಬಹುಮಟ್ಟಿಗೆ ಮೈಕ್ರೋಸಾಫ್ಟಿನ ಬಿಂಗ್‌ನಿಂದ ಫಲಿತಾಂಶಗಳನ್ನು ಪಡೆಯುತ್ತ ಬಂದಿದೆ. ಗಳಿಕೆಯಿಂದ ಗಿಡ ನೆಡಿಸುವ ಬರ್ಲಿನ್ನಿನ ಇಕೋಸಿಯಾಕ್ಕೂ ಅದೇ ಒಲೆಯ ಆಸರೆ ಇತ್ತು. ೨೦೨೪ರ ಮೇ ೨೩ರಂದು ಬಿಂಗ್ ಕೆಟ್ಟು ನಿಂತಾಗ ಇವೆರಡೂ ಅದರೊಡನೆಯೇ ತಡವರಿಸಿದುವು. ಸ್ವಂತ ಒಲೆ ಹೂಡಿದವು ಕೆಲವೇ: ಇಂಗ್ಲೆಂಡಿನ ಮೊಜೀಕ್, ೨೦೨೧ರಲ್ಲಿ ಹೊರಬಂದ ಬ್ರೇವ್ ಮೊದಲಾದವು. ನಮ್ಮ ಬೆಂಗಳೂರಿನಿಂದಲೂ ೨೦೦೬ರಲ್ಲಿ 'ಗುರೂಜಿ' ಎಂಬ ಯಂತ್ರ ಹೊರಟಿತ್ತು. ಭಾರತೀಯ ಭಾಷೆಗಳಲ್ಲಿ ಹುಡುಕುವ ಹಂಬಲವೂ ಅದಕ್ಕಿತ್ತು. ಹಾಡುಗಳ ಹಕ್ಕುಸ್ವಾಮ್ಯದ ತಕರಾರಿನಲ್ಲಿ ೨೦೧೦ರಲ್ಲಿ ಸಿಕ್ಕಿಬಿದ್ದು ಮುಂದೆ ಅದು ನಿಂತೇ ಹೋಯಿತು. ಬದುಕಿದ್ದರೆ ಏನಾಗುತ್ತಿತ್ತೋ ಹೇಳಲಾಗದು, ಹೆಸರಾದರೂ ಚೆನ್ನಾಗಿತ್ತು.

ಇನ್ನು ಕನ್ನಡದ ಮಾತು. ತಿಂಗಳ ಕೊನೆಗೆ ನಾನು ಹಳೆಯ, ಹೊಸ ಯಂತ್ರಗಳೆರಡನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟು ಒಂದೇ ಪ್ರಶ್ನೆಯನ್ನು ಎರಡಕ್ಕೂ ಹಾಕಹತ್ತಿದೆ. ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಗಳಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಕನ್ನಡದಲ್ಲಿ ಕೇಳಿದಾಗ ಎರಡೂ ಎರಡು ದಾರಿ ಹಿಡಿದುವು, ಎರಡೂ ಬೇಗ ದಣಿದುವು. 'ಸವಾಯಿ ಗಂಧರ್ವ' ಎಂದಾಗ ಬಂದ ಪುಟಗಳು 'ಸವಾಯಿಗಂಧರ್ವರ' ಎಂದು ಕೂಡಿಸಿ ಬರೆದಾಗ ಮಾಯವಾದುವು. ಇದರ ಕಾರಣ ಕನ್ನಡದ ಮೇಷ್ಟರಿಗೆ ತಿಳಿಯದ್ದೇನಲ್ಲ. ನಮ್ಮಲ್ಲಿ ನಾಮಪದ ಬರಿಗಾಲಲ್ಲಿ ಮನೆಯಿಂದ ಹೊರಬೀಳುವುದು ವಿರಳ. ವಿಭಕ್ತಿಪ್ರತ್ಯಯವನ್ನು ಮೆಟ್ಟಿಕೊಂಡೇ ಹೊರಡುತ್ತದೆ. ಜೊತೆಗೆ ಸಂಧಿ, ಸಮಾಸ, ಒಂದೇ ಹೆಸರಿಗೆ ನಾಲ್ಕು ಬಗೆಯ ಬರವಣಿಗೆ. ಇವೆಲ್ಲ ಒಂದೇ ಪದದ ರೂಪಗಳೆಂದು ಯಂತ್ರಕ್ಕೆ ಯಾರಾದರೂ ಕಲಿಸಬೇಕು. ಕಲಿಸಿದಷ್ಟೇ ಅದಕ್ಕೆ ಬರುವುದು.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ೧೯೯೮ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಎಂಬಿಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಉಪಾಯವೆಂದರೆ, ಯಾವ ಪುಟದ ಕಡೆಗೆ ಬೇರೆ ಪುಟಗಳು ಹೆಚ್ಚಾಗಿ ಬೆರಳು ತೋರಿಸುತ್ತವೆಯೋ ಅದಕ್ಕೆ ಮೇಲಿನ ಮಣೆ ಹಾಕುವುದು. ಕನ್ನಡದಲ್ಲಿ ಹಾಗೆ ಪರಸ್ಪರ ಬೆರಳು ತೋರಿಸುವ ಪುಟಗಳು ಎಷ್ಟು? ಇದ್ದ ಬರಹವಾದರೂ ಯಂತ್ರದ ಕಣ್ಣಿಗೆ ಬೀಳುವಂತಿದೆಯೆ? ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಜೋಡಿಸಿದ ಎಷ್ಟೋ ಪುಸ್ತಕಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಯುನಿಕೋಡ್ ಸಂಕೇತದಲ್ಲಿ ಇಲ್ಲದಿರುವುದರಿಂದ ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಚಿತ್ರವಾಗಿ ಮಾತ್ರ ಏರಿಸಿದ ಹಳೆಯ ಗ್ರಂಥಗಳ ಪಾಡೂ ಹೆಚ್ಚು ಬೇರೆಯಲ್ಲ. ಕಣಜದಲ್ಲಿ ಕಾಳಿಲ್ಲದಾಗ ಕೊಳಗ ಬದಲಿಸಿ ಫಲವೇನು?

ಹುಡುಕುವವನಿಗೇ ಮೊದಲು ಅಷ್ಟಿಷ್ಟು ತಿಳಿದಿರಬೇಕೆಂಬ ಮಾತೂ ಉಂಟು. ಕುಂದಗೋಳ ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಈ ಊರಿನ ಹಳೆಯ ಸಂಗತಿ ಬೇಕಾದವನು ಜಮಖಂಡಿಯ ಹೆಸರಿನಲ್ಲಿಯೂ ಹುಡುಕಬೇಕು. ಇದನ್ನು ನನಗೆ ಹೇಳಿದುದು ಯಾವ ಯಂತ್ರವೂ ಅಲ್ಲ, ನಿವೃತ್ತರಾದ ಒಬ್ಬ ಮಾಸ್ತರರು. ಅಂದಿನಿಂದ ನಾನು ಎಲ್ಲದಕ್ಕೂ ಒಂದೇ ಪೆಟ್ಟಿಗೆಯಲ್ಲಿ ಪ್ರಶ್ನೆ ತುಂಬುವುದನ್ನು ಬಿಟ್ಟಿದ್ದೇನೆ. ಪದದ ಅರ್ಥ ಬೇಕಾದರೆ, ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ದುಡಿದು ಕೂಡಿಸಿದ, ೨೦೧೯ರಲ್ಲಿ ಎಲ್ಲರಿಗೂ ತೆರವಾದ ಒಂದೂವರೆ ಲಕ್ಷ ಪದಗಳ 'ಅಲರ್' ನಿಘಂಟಿಗೆ ನೇರವಾಗಿ ಹೋಗುತ್ತೇನೆ. ವಚನ ಬೇಕಾದರೆ 'ವಚನ ಸಂಚಯ'ಕ್ಕೆ. ಬಸ್ಸಿನ ವೇಳೆಗೆ ಮಾತ್ರ ಹಳೆಯ ಯಂತ್ರಕ್ಕೇ ಮರಳಿದೆನೆಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

೨೦೨೧ರ ಜೂನ್ ತಿಂಗಳ ಗದ್ದಲ ಓದುಗರಿಗೆ ನೆನಪಿರಬಹುದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಎಂದು ತೋರಿಸಿತು. ಯಾವುದೋ ಅಪರಿಚಿತ ಪುಟದ ಒಂದು ಸಾಲನ್ನು ಯಂತ್ರ ಎತ್ತಿ ತಂದು ಉತ್ತರವೆಂದು ಎಲ್ಲಕ್ಕೂ ಮೇಲೆ ಕೂಡಿಸಿತ್ತು. ನಾಡೆಲ್ಲ ಕೆರಳಿತು; ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತಾಡಿದರು; ಕಂಪನಿ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಕೆರಳಿದುದು ಸರಿಯೇ. ಆದರೆ ಅದೇ ಯಂತ್ರ ಅದೇ ಪುಟದಿಂದ 'ಅತ್ಯಂತ ಸುಂದರ ಭಾಷೆ ಕನ್ನಡ' ಎಂಬ ಸಾಲನ್ನು ಎತ್ತಿ ತಂದಿದ್ದರೆ, ಅದು ಎಲ್ಲಿಂದ ಬಂತೆಂದು ನಮ್ಮಲ್ಲಿ ಒಬ್ಬರಾದರೂ ಕೇಳುತ್ತಿದ್ದೆವೆ? ಹಂಚಿಕೊಂಡು ಹಿಗ್ಗುತ್ತಿದ್ದೆವು.

ಅದಕ್ಕೆ ಒಂದೂವರೆ ತಿಂಗಳು ಮೊದಲು, ಏಪ್ರಿಲ್ ೧೯ರಂದು, ಪ್ರೊ. ಜಿ. ವೆಂಕಟಸುಬ್ಬಯ್ಯನವರು ತಮ್ಮ ೧೦೭ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ೧೯೯೧ರಿಂದ ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಅವರು ಉತ್ತರ ಕೊಡುತ್ತಿದ್ದರು. ಕನ್ನಡಿಗರಿಗೆ ಅವರೂ ಒಂದು ಶೋಧಯಂತ್ರವೇ ಎನ್ನಬಹುದು. ಆದರೆ ಆ ಉತ್ತರದ ಕೆಳಗೆ ಒಂದು ಹೆಸರಿರುತ್ತಿತ್ತು. ಒಪ್ಪದಿದ್ದರೆ ಆ ಹೆಸರಿಗೆ ಒಂದು ಕಾಗದ ಬರೆಯಬಹುದಾಗಿತ್ತು. ಈಗಂತೂ ಹತ್ತು ಪುಟಗಳನ್ನು ಕಲಸಿ ಯಂತ್ರವೇ ಒಂದು ಸಾರಾಂಶವನ್ನು ಬರೆದು ಮೇಲಿಡುವ ಪದ್ಧತಿ ಬಂದಿದೆ. ಕೆಳಗಿರುವ ಪುಟಗಳನ್ನು ತೆರೆಯುವ ಶ್ರಮವನ್ನೂ ಇನ್ನು ನಮ್ಮ ಮಕ್ಕಳು ಪಡುವರೆಂಬ ಭರವಸೆ ನನಗಿಲ್ಲ. ಆದುದರಿಂದ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಮೊಬೈಲನ್ನು ನಿಷೇಧಿಸಿ ಪ್ರಯೋಜನವಿಲ್ಲ, ಎರಡು ಕಡೆ ಹುಡುಕಿಸಿರಿ, ಎರಡೂ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬರೆಯಿಸಿರಿ. ಅಂಕಗಳನ್ನು ಆ ಬೇರೆಯಾದ ಜಾಗಕ್ಕೆ ಕೊಡಿರಿ.

ನಾನೂ ಹಾಗೆಯೇ ಮಾಡಿದೆ. ಸವಾಯಿ ಗಂಧರ್ವರ ಪ್ರಬಂಧವನ್ನು ಮರಳಿ ಬರೆಯಿಸುವಾಗ, ಎರಡು ಯಂತ್ರಗಳಲ್ಲಿ ಹುಡುಕಬೇಕು, ಊರಿನ ಒಬ್ಬರನ್ನಾದರೂ ಕೇಳಬೇಕು, ಪ್ರತಿಯೊಂದು ಮಾತಿಗೂ ಅದು ಎಲ್ಲಿ ಸಿಕ್ಕಿತೆಂದು ಬರೆಯಬೇಕು ಎಂದು ಕಟ್ಟು ಹಾಕಿದೆ. ಎಲ್ಲ ಪ್ರಬಂಧಗಳೂ ಸುಧಾರಿಸಿದುವೆಂದು ಹೇಳಲಾರೆ. ಕೆಲವರು ಒಂದರ ಬದಲು ಎರಡು ಪುಟಗಳಿಂದ ನಕಲು ಮಾಡಿದರು. ಸಂಶಿಯಿಂದ ಬರುವ ಹುಡುಗಿಯೊಬ್ಬಳು ಮಾತ್ರ, ಗಂಗೂಬಾಯಿ ಹಾನಗಲ್ಲರು ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದಿಳಿದು ಗುರುಗಳ ಮನೆಯ ಕಡೆಗೆ ನಡೆದುಹೋಗುತ್ತಿದ್ದುದನ್ನು ತನ್ನ ಅಜ್ಜ ಅವರ ತಂದೆಯ ಬಾಯಿಂದ ಕೇಳಿದ್ದರೆಂದು ಅರ್ಧ ಪುಟ ಬರೆದಿದ್ದಳು. ಅಂಚಿನಲ್ಲಿ ಜಾಗ ಖಾಲಿ ಬಿಟ್ಟಿದ್ದಳು. ಏಕೆಂದು ಕೇಳಿದೆ.

"ಇದಕ್ಕ ಲಿಂಕ್ ಇಲ್ಲರಿ ಸರ್. ಎಲ್ಲಿ ಸಿಕ್ಕಿತು ಅಂತ ಏನ್ ಬರೀಲಿ?"

ಅಜ್ಜನ ಹೆಸರು ಬರೆ, ಓಣಿಯ ಹೆಸರನ್ನೂ ಬರೆ ಎಂದೆ.