ಖಾಲಿ ಮನೆಗಳ ಪಕ್ಕದಲ್ಲೇ ಮತ್ತೆ ಮನೆ ಕಟ್ಟುವವರು

ಸಂಸೆಯಿಂದ ಘಟ್ಟದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಕುದುರೆಮುಖದ ಕಂಪನಿ ಊರು ಸಿಗುತ್ತದೆ. ನೌಕರರಿಗಾಗಿ ಕಟ್ಟಿದ ಮನೆಗಳ ಸಾಲುಗಳು ಇಂದಿಗೂ ಅಲ್ಲಿವೆ. ಗೋಡೆಗಳಿಗೆ ಪಾಚಿ ಹಿಡಿದಿದೆ, ಅಂಗಳಗಳಲ್ಲಿ ಹುಲ್ಲು ಬೆಳೆದಿದೆ, ಬಹುಪಾಲು ಮನೆಗಳಲ್ಲಿ ದೀಪ ಹಚ್ಚುವವರಿಲ್ಲ. ಅದೇ ದಾರಿಯಲ್ಲಿ ಹಿಂದಿರುಗಿ ಸಂಸೆ, ಕಳಸದ ಸುತ್ತ ತಿರುಗಾಡಿದರೆ ಬೇರೊಂದು ದೃಶ್ಯ. ಗುಡ್ಡದ ಪಕ್ಕೆಯನ್ನು ಜೆಸಿಬಿಯಿಂದ ಕಡಿದು ಎಬ್ಬಿಸಿದ ಹೋಂಸ್ಟೇಗಳು, ಕಾಟೇಜುಗಳು, 'ತೋಟ ಮಾರಾಟಕ್ಕಿದೆ' ಎಂಬ ಫಲಕಗಳು, ವಾರಕ್ಕೊಮ್ಮೆ ಬಂದು ಬೆಲೆ ಏರಿಸಿ ಹೋಗುವ ದಲ್ಲಾಳಿಗಳು. ಇಷ್ಟು ಹತ್ತಿರದಲ್ಲಿರುವ ಈ ಎರಡು ದೃಶ್ಯಗಳನ್ನು ಒಟ್ಟಿಗೆ ಇಟ್ಟು ನೋಡುವ ವ್ಯವಧಾನ ನಮ್ಮಲ್ಲಿ ಯಾರಿಗೂ ಇದ್ದಂತಿಲ್ಲ.

ಜಾಗದ ಬೆಲೆ ಇಳಿಯುವುದುಂಟೇ ಎಂದು ಕೇಳಿದರೆ ದಲ್ಲಾಳಿ ನಗುತ್ತಾನೆ. ಭೂಮಿಯನ್ನು ಹೊಸದಾಗಿ ಸೃಷ್ಟಿಸಲು ಬರುವುದಿಲ್ಲ, ಆದ್ದರಿಂದ ಬೆಲೆ ಏರುತ್ತಲೇ ಇರುತ್ತದೆ ಎನ್ನುವುದು ಅವನ ತರ್ಕ. ಕುದುರೆಮುಖದ ಭೂಮಿಯೂ ಹೊಸದಾಗಿ ಸೃಷ್ಟಿಯಾದದ್ದಲ್ಲ. 1975ರಲ್ಲಿ ಇರಾನಿನ ಶಾ ಸರ್ಕಾರದೊಡನೆ ಒಪ್ಪಂದವಾಯಿತು. ಸಾಲ ಅವರದು, ಅದಿರೂ ಅವರಿಗೇ. ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿತ ಅದಿರಿನ ಸಾಮರ್ಥ್ಯದ ಗಣಿ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ ಕೊಳವೆ ಮಾರ್ಗ, ಒಂದು ಇಡೀ ಊರು, ಎಲ್ಲವೂ ಆ ಒಬ್ಬ ಕೊಳ್ಳುವವನನ್ನು ನಂಬಿ ಎದ್ದು ನಿಂತವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಗಣಿ ಸಿದ್ಧವಾಗುವ ಹೊತ್ತಿಗೆ ಕೊಳ್ಳುವವನೇ ಇಲ್ಲ! ಸರ್ಕಾರಿ ಕಂಪನಿಯಾದುದರಿಂದ ಪೆಟ್ಟನ್ನು ತಾಳಿಕೊಂಡು ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡಿತು. ಬ್ಯಾಂಕಿನ ಸಾಲದ ಮೇಲೆ ಆರು ಕೋಣೆ ಕಟ್ಟಿಸಿದ ಬೆಳೆಗಾರನಿಗೆ ಅಂಥ ಬೆನ್ನಾಸರೆ ಯಾವುದಿದೆ?

2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಮನೆಗಳ ಗೋಡೆ, ಛಾವಣಿ, ನಲ್ಲಿ ಎಲ್ಲವೂ ಮರುದಿನವೂ ಹಾಗೆಯೇ ಇದ್ದವು. ಬೆಲೆ ಮಾತ್ರ ಇರಲಿಲ್ಲ, ಏಕೆಂದರೆ ಆ ಮನೆಗಳ ಬೆಲೆ ಇದ್ದದ್ದು ಅದಿರಿನಲ್ಲಿ. ಗಣಿ ನಿಂತದ್ದು ಸರಿ ಎಂದು ನಾವು ಅಂದೂ ಹೇಳಿದ್ದೆವು, ಇಂದೂ ಹೇಳುತ್ತೇವೆ. ಆದರೆ ಆ ಊರಿಗೆ ಹಾಲು, ತರಕಾರಿ ಹಾಕಿ, ಅಂಗಡಿ ಇಟ್ಟುಕೊಂಡು ಬದುಕಿದ್ದವರ ಗತಿ ಏನಾಗುವುದೆಂದು ನಮ್ಮ ಚಳವಳಿ ಆಗ ಸಾಕಷ್ಟು ಯೋಚಿಸಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಈ ಬಾರಿ ಮುಂಚಿತವಾಗಿಯೇ ಮಾತನಾಡುತ್ತಿರುವುದು ಆ ಕಾರಣಕ್ಕೆ.

ಇಂದಿನ ಬೆಲೆ ಯಾವುದರ ಮೇಲೆ ನಿಂತಿದೆ? ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಓದುಗರು ತಮ್ಮ ತೋಟದ ಅಂಕಿಗಳನ್ನು ಇಟ್ಟುಕೊಳ್ಳಲಿ. ಎಲ್ಲ ಖರ್ಚು ಕಳೆದು ಎಕರೆಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಉಳಿಯುತ್ತದೆ ಎನ್ನೋಣ. ಆ ಎಕರೆಗೆ 40 ಲಕ್ಷ ಕೊಟ್ಟವನು, ಸಾಲವನ್ನು ಶೇಕಡಾ 10ರ ಬಡ್ಡಿಗೆ ತಂದಿದ್ದರೆ, ಬಡ್ಡಿಯೇ ವರ್ಷಕ್ಕೆ 4 ಲಕ್ಷ. ತೋಟ ಅದರ ಕಾಲುಭಾಗವನ್ನೂ ಮೀರಿ ದುಡಿಯದು. ಹಾಗಿದ್ದರೆ ಅವನು ಕೊಂಡದ್ದು ಏಕೆ? ನಾಳೆ ಇನ್ನೊಬ್ಬ 50 ಲಕ್ಷ ಕೊಡುತ್ತಾನೆಂಬ ನಂಬಿಕೆಯಿಂದ. ಆ ಇನ್ನೊಬ್ಬನಿಗೆ ಮತ್ತೊಬ್ಬನ ಮೇಲೆ ನಂಬಿಕೆ. ಈ ಸಾಲಿನ ಕೊನೆಯಲ್ಲಿ ನಿಂತವನು ಯಾರೆಂದು ಸಾಲು ಮುಗಿಯುವವರೆಗೆ ಗೊತ್ತಾಗುವುದಿಲ್ಲ. 2008ರಲ್ಲಿ ಅಮೆರಿಕದ ಮನೆಗಳ ಮಾರುಕಟ್ಟೆ ಮುರಿದು ಬಿದ್ದಾಗ ಆದದ್ದೂ ಇದೇ. ಮನೆ ಬೇಕಾದವರು ಏರಿಸಿದ್ದಕ್ಕಿಂತ ಹೆಚ್ಚಾಗಿ, ಸುಲಭವಾಗಿ ಸಿಕ್ಕ ಸಾಲ ಅಲ್ಲಿ ಬೆಲೆಯನ್ನು ಏರಿಸಿತ್ತು.

ಕಾಫಿಗೆ ಈಚೆಗೆ ಬಂದ ಬೆಲೆಯನ್ನು ಮುಂದೆ ಹಿಡಿದು ವಾದಿಸುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದ್ದು ನಿಜ. ಆದರೆ ಅದನ್ನು ದಾಟಿಸಿದ್ದು ನಮ್ಮ ಬೆವರಲ್ಲ, ಬ್ರೆಜಿಲ್ ಮತ್ತು ವಿಯೆಟ್ನಾಂನ ಬರ. ಇದೇ ಕಥೆಯನ್ನು ಹಿರಿಯ ಬೆಳೆಗಾರರು ಒಮ್ಮೆ ಅನುಭವಿಸಿದ್ದಾರೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಮೇಲೇರಿತು. ಅದೇ ವರ್ಷಗಳಲ್ಲಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಸಡಿಲಗೊಂಡು ಬೆಳೆಗಾರನ ಕೈಗೆ ನೇರವಾಗಿ ಹಣ ಬಂತು. ಜೀಪು ಬಂತು, ತಾರಸಿ ಮನೆ ಬಂತು, ಪಕ್ಕದ ತೋಟವೂ ಸೇರಿಕೊಂಡಿತು, ಎಲ್ಲದರ ಹಿಂದೆ ಸಾಲವೂ ಬಂತು. 2001ರ ಹೊತ್ತಿಗೆ ಅದೇ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಕೊಯ್ಲಿನ ಕೂಲಿ ಹುಟ್ಟದ ವರ್ಷಗಳವು. ಬಿದ್ದ ಬೆಲೆಗೆ ತೋಟ ಮಾರಿದವರ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಕೆಲವರು ಈಗ ಇಲ್ಲೇ ಜಾಗ ಹುಡುಕುತ್ತಿದ್ದಾರೆ ಎಂಬುದು ವಿಚಿತ್ರವಾದರೂ ಸತ್ಯ.

ಇನ್ನು ಹೋಂಸ್ಟೇ. ಹೆಸರೇ ಹೇಳುವಂತೆ ಅದು ಮನೆಯವರು ವಾಸಿಸುವ ಮನೆ. ನಾಲ್ಕಾರು ಅತಿಥಿಗಳಿಗೆ ಕೋಣೆ ಕೊಟ್ಟು ಊಟ ಹಾಕುವ ಮನೆ. ಅದಕ್ಕೆ ನಮ್ಮ ವಿರೋಧವಿಲ್ಲ. ಅನೇಕ ಹೆಣ್ಣುಮಕ್ಕಳ ಕೈಗೆ ಸ್ವಂತ ದುಡ್ಡು ಬಂದಿದ್ದು ಅದರಿಂದಲೇ. ಯಾರೂ ವಾಸಿಸದ ಕಟ್ಟಡಕ್ಕೆ ಅದೇ ಹೆಸರಿಟ್ಟು ನಡೆಸುವ ವ್ಯಾಪಾರ ಮಾತ್ರ ಬೇರೆ. ಅದರ ಆದಾಯ ಶನಿವಾರ, ಭಾನುವಾರ ಮತ್ತು ಸಾಲು ರಜೆಗಳಲ್ಲಿದೆ. ನಮ್ಮ ಮಳೆಗಾಲ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ರಸ್ತೆಯ ಮೇಲೆ ಧರೆ ಕುಸಿದರೆ, ಚಾರಣಕ್ಕೆ ಅರಣ್ಯ ಇಲಾಖೆ ನಿರ್ಬಂಧ ಹಾಕಿದರೆ, 2020ರಂತೆ ಲಾಕ್‌ಡೌನ್ ಬಂದರೆ ಕೋಣೆಗಳು ಖಾಲಿ. ಬ್ಯಾಂಕಿನ ಕಂತಿಗೆ ಮಾತ್ರ ಮಳೆಗಾಲವಿಲ್ಲ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಸಾಲ ವಸೂಲಿಗಾಗಿ ಬ್ಯಾಂಕು ಕೋರ್ಟಿನ ಮೆಟ್ಟಿಲು ಹತ್ತದೆಯೇ ಆಸ್ತಿಯನ್ನು ಹರಾಜು ಹಾಕಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆ, ಕೃಷಿಭೂಮಿಯನ್ನು ಹೊರಗಿಟ್ಟಿದೆ. ಕಾಫಿ ತೋಟ ಕೃಷಿಭೂಮಿಯಲ್ಲ ಎಂಬ ವಾದ ಹೂಡಿ ಬ್ಯಾಂಕುಗಳು ತೋಟಗಳನ್ನು ಹರಾಜಿಗೆ ತಂದಾಗ ಬೆಳೆಗಾರರ ಸಂಘಟನೆಗಳು ಬೀದಿಗಿಳಿಯಬೇಕಾಯಿತು. ತೋಟ ತೋಟವಾಗಿ ಉಳಿದಿರುವಾಗಲೇ ಇಷ್ಟು ಹೋರಾಟ. ಹೋಂಸ್ಟೇಗೆಂದು ಭೂಪರಿವರ್ತನೆ ಮಾಡಿಸಿ, ಆ ಜಾಗವನ್ನೇ ಅಡಮಾನ ಇಟ್ಟವನು ಆ ರಕ್ಷಣೆಯನ್ನು ತನ್ನ ಸಹಿಯಿಂದಲೇ ಬಿಟ್ಟುಕೊಟ್ಟಿರುತ್ತಾನೆ. ಸಹಿ ಮಾಡಿಸಿಕೊಳ್ಳುವವರು ಈ ಮಾತನ್ನು ವಿವರಿಸಿ ಹೇಳಿದ್ದನ್ನು ನಾವು ಕೇಳಿಲ್ಲ.

ಕಾಫಿ, ಏಲಕ್ಕಿ, ಚಹಾ ತೋಟಗಳನ್ನು ಯಾರು ಬೇಕಾದರೂ ಕೊಳ್ಳಲು ಹಿಂದಿನಿಂದಲೂ ಅಡ್ಡಿಯಿರಲಿಲ್ಲ. ಗದ್ದೆಗೆ ತಡೆಯಿತ್ತು. 2020ರ ಭೂಸುಧಾರಣಾ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಆ ತಡೆಯನ್ನೂ ಮುರಿಯಿತು. ಮಲೆನಾಡಿನಲ್ಲಿ ಗದ್ದೆ ಎಂದರೆ ಗುಡ್ಡದ ನೀರು ಇಳಿದು ನಿಂತು ಇಂಗುವ ಜಾಗ. ಹಡ್ಲು ಬಿದ್ದಿದೆ ಎಂದು ಅದನ್ನು ಮಣ್ಣು ತುಂಬಿಸಿ ಸೈಟು ಮಾಡಿದರೆ ಕೆಳಗಿನ ಬಾವಿ ಮಾರ್ಚಿಗೇ ಬತ್ತುತ್ತದೆ. ಬೆಲೆ ಬಿದ್ದ ಮೇಲೆ ಬೆಂಗಳೂರಿನ ಹೂಡಿಕೆದಾರ ನಷ್ಟವನ್ನು ಲೆಕ್ಕಪತ್ರದಲ್ಲಿ ಬರೆದುಕೊಂಡು ಹೋಗುತ್ತಾನೆ. ತುಂಬಿಸಿದ ಗದ್ದೆಯನ್ನು ಮತ್ತೆ ಗದ್ದೆ ಮಾಡುವವರು ಯಾರು?

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಜಾರಿ ಮನೆ, ತೋಟಗಳನ್ನು ಕೊಚ್ಚಿಕೊಂಡು ಹೋದವು. ಅಲ್ಲಿ ರೆಸಾರ್ಟುಗಳೇನೂ ಇರಲಿಲ್ಲವಲ್ಲ ಎನ್ನುವವರಿದ್ದಾರೆ. ಸರಿ. ಮಳೆಯೊಂದಕ್ಕೇ ಜಾರಬಲ್ಲ ಇಳಿಜಾರುಗಳು ಇವು ಎಂದಾಯಿತು. ಅಂಥ ಇಳಿಜಾರಿನ ಬುಡವನ್ನು ನೇರವಾಗಿ ಕಡಿದು, ಮೇಲೆ ಈಜುಕೊಳ ಕಟ್ಟುವವರಿಗೆ ಇದು ಸಮಾಧಾನದ ಮಾತೇ?

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯ ವಿಷಯದಲ್ಲಿ ಎರಡು ಸುಳ್ಳುಗಳು ಒಟ್ಟಿಗೆ ಓಡಾಡುತ್ತಿವೆ. ಅದು ಜಾರಿಯಾದರೆ ಜಾಗಕ್ಕೆ ಬೆಲೆಯೇ ಇರದು ಎನ್ನುತ್ತಾರೆ ರಾಜಕಾರಣಿಗಳು. ಅದು ಬರುವ ಮುನ್ನ ಕೊಂಡುಬಿಡಿ ಎನ್ನುತ್ತಾರೆ ದಲ್ಲಾಳಿಗಳು. 2024ರ ಜುಲೈ 31ರಂದು ಹೊರಬಿದ್ದ ಆರನೆಯ ಕರಡು ಕಟ್ಟಡಗಳ ವಿಷಯದಲ್ಲಿ ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೀರಿದ ಹೊಸ ನಿರ್ಮಾಣಗಳನ್ನು, ದೊಡ್ಡ ಟೌನ್‌ಶಿಪ್‌ಗಳನ್ನು. ನಿಮ್ಮ ಕೊಟ್ಟಿಗೆಯನ್ನಲ್ಲ, ಮಗನಿಗೆ ಕಟ್ಟಿಸುವ ಮನೆಯನ್ನಲ್ಲ. ಕರಡನ್ನು ಓದದೆಯೇ ಅದರ ವಿರುದ್ಧ ಮೆರವಣಿಗೆ ಹೋದವರು ನಮ್ಮ ನಡುವೆಯೂ ಇದ್ದಾರೆ.

ನಮ್ಮ ಜಾಗ, ನಾವು ಮಾರುತ್ತೇವೆ, ಕೇಳಲು ನೀವು ಯಾರು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಸಾಲದಲ್ಲಿ ಮುಳುಗಿದವನಿಗೆ, ಕಾಯಿಲೆ ಬಿದ್ದವರಿರುವ ಮನೆಗೆ, ದುಡಿಯುವ ಕೈಗಳಿಲ್ಲದ ವೃದ್ಧರಿಗೆ ಮಾರಬೇಡಿ ಎಂದು ಹೇಳುವ ಧೈರ್ಯ ನಮಗಿಲ್ಲ, ಹೇಳುವುದೂ ಇಲ್ಲ. ನಾವು ಹೇಳುತ್ತಿರುವುದು ಬೇರೆಯವರಿಗೆ: ಇರುವ ತೋಟವನ್ನು ಅಡವಿಟ್ಟು ಇನ್ನೊಂದನ್ನು ಕೊಳ್ಳುತ್ತಿರುವವರಿಗೆ, ಪಕ್ಕದವನು ಕಟ್ಟಿಸಿದ ಎಂದು ತಾನೂ ಸಾಲ ತಂದು ಕೋಣೆ ಕಟ್ಟಿಸುತ್ತಿರುವವರಿಗೆ. ಬೆಲೆ ಯಾವ ವರ್ಷ ಇಳಿಯುವುದೆಂದು ನಾವು ಭವಿಷ್ಯ ನುಡಿಯಲಾರೆವು. ಇಳುವರಿಯ ಮೇಲೆ ನಿಲ್ಲದ ಬೆಲೆ ಇಳಿಯುತ್ತದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಗ್ರಾಮಸಭೆಗಳಲ್ಲಿ ಮೂರು ಪ್ರಶ್ನೆಗಳನ್ನು ಎತ್ತಬೇಕೆಂದು ಓದುಗರನ್ನು ಕೋರುತ್ತೇವೆ. ನಮ್ಮ ಪಂಚಾಯಿತಿಯಲ್ಲಿ ಪರವಾನಗಿ ಇರುವ ಹೋಂಸ್ಟೇಗಳೆಷ್ಟು, ಅವುಗಳಲ್ಲಿ ಮಾಲೀಕರು ವಾಸವಿರುವುದು ಎಷ್ಟರಲ್ಲಿ? ಕಳೆದ ಐದು ವರ್ಷಗಳಲ್ಲಿ ಎಷ್ಟು ಎಕರೆ ಗದ್ದೆಗೆ ಭೂಪರಿವರ್ತನೆಯಾಗಿದೆ? ಗುಡ್ಡ ಕಡಿಯಲು ಯಾರು ಅನುಮತಿ ಕೊಟ್ಟರು? ಕಳಸ, ಮೂಡಿಗೆರೆಯ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಹಳ್ಳದ ದಂಡೆಯಲ್ಲಿ ನಡೆದು, ಹೊಸ ಕಟ್ಟಡಗಳೆಷ್ಟು, ಮಳೆಗಾಲದ ವಾರದ ದಿನಗಳಲ್ಲಿ ಬೀಗ ಬಿದ್ದಿರುವುದು ಎಷ್ಟಕ್ಕೆ, ಬತ್ತಿದ ಬಾವಿಗಳು ಎಲ್ಲಿ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಹಾಗೆ ಬರೆದದ್ದನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಊರುವಾರು ಪ್ರಕಟಿಸುತ್ತೇವೆ.