ಕಾವಲುಗಾರನ ಕೈ ಕಟ್ಟುವ ಹೊಗೆ

ಬಾಣಲೆಯ ಎಣ್ಣೆ ಮಿತಿಮೀರಿ ಕಾದು ಹೊಗೆಯೆದ್ದರೆ ಮನೆಮಂದಿಗೆಲ್ಲ ಕಣ್ಣುರಿ, ಗಂಟಲು ಕೆರೆತ. ಇದಕ್ಕೊಂದು ಕಾರಣ ಅಕ್ರೋಲೀನ್ ಎಂಬ ಆಲ್ಡಿಹೈಡ್. ಸಿಗರೇಟು, ಬೀಡಿಗಳ ಹೊಗೆಯಲ್ಲೂ ಅದಿದೆ.

ಕಣ್ಣುರಿ ಸ್ವಲ್ಪ ಹೊತ್ತಿಗೆ ಶಮನವಾದೀತು. ಜೀವಕೋಶದೊಳಗಿನ ಕಥೆ ಬೇರೆ. ಅಲ್ಲಿ ಮೆಟಲೊಥಯೋನೀನ್ ಎಂಬ ಪುಟ್ಟ ಪ್ರೋಟೀನೊಂದು ಕಾವಲಿಗಿದೆ. ಅಮೆರಿಕದ ಮಾರ್ಗೋಷಸ್ ಮತ್ತು ವ್ಯಾಲಿ 1957ರಲ್ಲಿ ಇದನ್ನು ಪತ್ತೆಮಾಡಿದ್ದು ಕುದುರೆಯ ಮೂತ್ರಪಿಂಡದಲ್ಲಿ! ಇದರ ಸುಮಾರು 60 ಅಮೈನೋ ಆಮ್ಲಗಳಲ್ಲಿ 20 ಸಿಸ್ಟೀನ್‌ಗಳು. ಪ್ರತಿ ಸಿಸ್ಟೀನಿಗೂ ಗಂಧಕದ ಒಂದು ‘ಕೈ’. ಈ ಕೈಗಳೆಲ್ಲ ಕೂಡಿ ಸತುವಿನ 7 ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕ್ಯಾಡ್ಮಿಯಂನಂಥ ವಿಷಲೋಹ ಬಂತೋ, ಸತುವನ್ನು ಬಿಟ್ಟು ಅದನ್ನೇ ಬಿಗಿಯಾಗಿ ಹಿಡಿಯುತ್ತವೆ.

ಅಕ್ರೋಲೀನ್‌ಗೂ ಗಂಧಕವೆಂದರೆ ಬಲು ಪ್ರೀತಿ. ಅದು ಆ ಕೈಗಳಿಗೇ ಅಂಟಿಕೊಳ್ಳುತ್ತದೆ. ಹಿಡಿತ ಸಡಿಲಿ ಸತು ಹೊರಬೀಳುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನು ಕಂಡಿದ್ದಾರೆ. ಸತು ದೇಹಕ್ಕೆ ಬೇಕಾದದ್ದೇ. ಆದರೆ ಕೋಶದಲ್ಲಿ ಅಂಕೆತಪ್ಪಿ ಹರಿದಾಡಿದರೆ ಕಿಣ್ವಗಳ ಕೆಲಸ ಕೆಡುತ್ತದೆ.

ಕೋಶವೇನೂ ಸುಮ್ಮನೆ ಕೂರದು. ಗ್ಲುಟಥಯೋನ್ ಎಂಬ ಇನ್ನೊಂದು ಗಂಧಕಯುಕ್ತ ಅಣು ಮುಂದೆ ನಿಂತು ಅಕ್ರೋಲೀನನ್ನು ತಡೆಯುತ್ತದೆ. ಅದು ಖರ್ಚಾದಷ್ಟೂ ಪೆಟ್ಟು ಪ್ರೋಟೀನುಗಳಿಗೆ.

ತಂಬಾಕಿನ ಹೊಗೆಯಲ್ಲಿ ಕ್ಯಾಡ್ಮಿಯಂ ಕೂಡ ಇದೆಯೆಂಬುದು ಇನ್ನೂ ಕೆಟ್ಟ ಸುದ್ದಿ. ಕಳ್ಳನೂ, ಕಾವಲುಗಾರನ ಕೈ ಕಟ್ಟುವವನೂ ಒಂದೇ ದಮ್ಮಿನಲ್ಲಿ ಒಳಬರುತ್ತಾರೆ. ಅಪ್ಪ ಸೇದುವಾಗ ಪಕ್ಕದಲ್ಲಿ ಓದುತ್ತ ಕುಳಿತ ಮಗುವಿನ ಉಸಿರಿಗೂ ಇವೆರಡೂ ಸೇರುತ್ತವೆ. ರಕ್ತಕ್ಕಿಳಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿದುಬಿಡುತ್ತದೆ.